ಗುಡ್ಡೆ ದಾರಿಗೆ ಎಷ್ಟು ಗೇರ್‌ನ ಪಿಕಪ್? ಅನುಭವಿಗಳ ಉತ್ತರಗಳು

ಪ್ರಶ್ನೆ (ಎಣ್ಮಕಜೆಯಿಂದ ಒಬ್ಬ ಕೃಷಿಕ):

ಎಲ್ಲರಿಗೂ ನಮಸ್ಕಾರ. ಪೆರ್ಲದಿಂದ ಒಳಗೆ ಗುಡ್ಡದ ಬದಿಯಲ್ಲಿ ನಮ್ಮ ಅಡಿಕೆ ತೋಟವಿದೆ. ಮನೆಯ ಹಳೆಯ ಪಿಕಪ್ಪನ್ನು ಮಳೆಗಾಲ ಕಳೆದ ಮೇಲೆ ಬದಲಾಯಿಸಬೇಕೆಂದಿದ್ದೇನೆ. ಹೇರುವುದು ಹಟ್ಟಿಗೊಬ್ಬರ, ಮುರಕಲ್ಲು, ಸುಲಿದ ಅಡಿಕೆಯ ಗೋಣಿ. ದಾರಿ ಅರ್ಧ ಡಾಮರು, ಅರ್ಧ ಮಣ್ಣಿನ ಏರು. ಸೌದಿಯಲ್ಲಿರುವ ಅಳಿಯ ಅಲ್ಲಿ ಹತ್ತು ಗೇರ್‌ನ ಅಮೆರಿಕನ್ ಹೆವಿ ಡ್ಯೂಟಿ ಪಿಕಪ್ ಓಡಿಸುತ್ತಾನೆ. "ಗೇರ್ ಹೆಚ್ಚಿದ್ದಷ್ಟೂ ಎಂಜಿನ್ನಿಗೆ ಹಗುರ ಮಾವ, ಆರು ಗೇರ್‌ನ ಆಟೋಮ್ಯಾಟಿಕ್ಕನ್ನಾದರೂ ತೆಗೆದುಕೊಳ್ಳಿ" ಎನ್ನುತ್ತಾನೆ. ನಮ್ಮ ಮೆಕ್ಯಾನಿಕ್ "ಗೇರ್ ಹೆಚ್ಚಾದಷ್ಟೂ ಕೆಡುವ ಸಾಮಾನೂ ಹೆಚ್ಚು" ಎಂದು ಐದು ಗೇರ್‌ನ ಮ್ಯಾನುವಲ್ಲನ್ನೇ ಹೇಳುತ್ತಾರೆ. ಇಬ್ಬರೂ ತಿಳಿದವರೇ. ಬಳಸಿ ನೋಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಸೀತಾಂಗೋಳಿಯಿಂದ, ಗಲ್ಫಿನಿಂದ ಮರಳಿದ ಗೇರ್‌ಬಾಕ್ಸ್ ಮೆಕ್ಯಾನಿಕ್):

ನಾನು ದಮ್ಮಾಮಿನ ಗ್ಯಾರೇಜೊಂದರಲ್ಲಿ ಅಮೆರಿಕನ್ ಪಿಕಪ್‌ಗಳ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವ ಕೆಲಸವನ್ನೇ ಹಲವು ವರ್ಷ ಮಾಡಿದವನು. ನಿಮ್ಮ ಅಳಿಯನ ಮನಸ್ಸಿನಲ್ಲಿರುವುದು ಆಟೋಮ್ಯಾಟಿಕ್, ಮೆಕ್ಯಾನಿಕ್ಕರ ಮನಸ್ಸಿನಲ್ಲಿರುವುದು ಮ್ಯಾನುವಲ್. ಈ ಎರಡರೊಳಗೂ ಗೇರ್ ಹೆಚ್ಚಿಸುವ ವಿಧಾನ ಒಂದೇ ಅಲ್ಲ.

ಮ್ಯಾನುವಲ್ ಪೆಟ್ಟಿಗೆಯಲ್ಲಿ ಪ್ರತಿ ಗೇರ್‌ಗೂ ಒಂದು ಜೊತೆ ಹಲ್ಲಿನ ಚಕ್ರ ಬೇಕು, ಗೇರ್ ಹಾಕುವಾಗ ಚಕ್ರಗಳ ವೇಗವನ್ನು ಸಮ ಮಾಡುವ ಸಿಂಕ್ರೊ ರಿಂಗ್ ಒಂದು ಬೇಕು. ಐದರಿಂದ ಆರಕ್ಕೆ ಹೋದರೆ ಸವೆಯುವ ಸಾಮಾನು ನಿಜಕ್ಕೂ ಹೆಚ್ಚುತ್ತದೆ. ಅಷ್ಟರಮಟ್ಟಿಗೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಆಟೋಮ್ಯಾಟಿಕ್ಕಿನೊಳಗೆ ಇರುವುದು ಕೆಲವು ಪ್ಲಾನೆಟರಿ ಗೇರ್ ಸೆಟ್‌ಗಳು (ನಡುವಿನ ಚಕ್ರದ ಸುತ್ತ ಸಣ್ಣ ಚಕ್ರಗಳು ತಿರುಗುವ ಜೋಡಣೆ), ಅವುಗಳನ್ನು ಹಿಡಿದು ಬಿಡುವ ಕ್ಲಚ್ ಪ್ಯಾಕ್‌ಗಳು. ಯಾವ ಕ್ಲಚ್‌ಗಳು ಒಟ್ಟಿಗೆ ಹಿಡಿದಿವೆ ಎಂಬುದರ ಮೇಲೆ ಗೇರ್ ನಿರ್ಧಾರವಾಗುತ್ತದೆ. ಜಿಎಂ ಕಂಪೆನಿಯ ಡ್ಯೂರಮ್ಯಾಕ್ಸ್ ಡೀಸೆಲ್ ಪಿಕಪ್‌ಗಳಿಗೆ 2001ರಲ್ಲಿ ಬಂದ ಅಲಿಸನ್ 1000 ಪೆಟ್ಟಿಗೆಗೆ ಐದು ಗೇರ್ ಇತ್ತು, 2006ರಲ್ಲಿ ಆರಾಯಿತು. ಒಳಗಿನ ಮೂರು ಪ್ಲಾನೆಟರಿ ಸೆಟ್, ಐದು ಕ್ಲಚ್ ಹಾಗೆಯೇ ಉಳಿದವು; ಅವುಗಳನ್ನು ಹಿಡಿಸುವ ಇನ್ನೊಂದು ಜೋಡಣೆಯನ್ನು ಬಳಕೆಗೆ ತಂದದ್ದರಿಂದಲೇ ಆರನೆಯ ಗೇರ್ ಸಿಕ್ಕಿತು. 2020ರಲ್ಲಿ ಬಂದ ಹತ್ತು ಗೇರ್‌ನ ಪೆಟ್ಟಿಗೆಯಲ್ಲಿ ನಾಲ್ಕು ಪ್ಲಾನೆಟರಿ ಸೆಟ್, ಆರು ಕ್ಲಚ್. ಅಂದರೆ ಆರರಿಂದ ಹತ್ತು ಗೇರ್‌ಗೆ ಹೋಗುವಾಗ ಸೇರಿದ್ದು ಒಂದು ಸೆಟ್ ಮತ್ತು ಒಂದು ಕ್ಲಚ್ ಮಾತ್ರ.

ಲಾಭ ಏನೆಂದು ಕೇಳಿದರೆ ಅನುಪಾತಗಳನ್ನು, ಅಂದರೆ ಪೆಟ್ಟಿಗೆಯಿಂದ ಹೊರಬರುವ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು, ನೋಡಬೇಕು. ಆ ಆರು ಗೇರ್‌ನ ಅಲಿಸನ್‌ನಲ್ಲಿ ಮೊದಲನೆಯ ಗೇರ್ 3.10, ಎರಡನೆಯದು 1.81, ಮೂರನೆಯದು 1.41. ಏರಿನಲ್ಲಿ ಎರಡರಿಂದ ಒಂದಕ್ಕೆ ಇಳಿಸಿದಾಗ ಎಂಜಿನ್‌ನ ಸುತ್ತು ಒಮ್ಮೆಗೇ ನೂರಕ್ಕೆ ಎಪ್ಪತ್ತರಷ್ಟು ಹಾರಬೇಕಾಗುತ್ತದೆ. ಹತ್ತು ಗೇರ್‌ನದರಲ್ಲಿ ಮೊದಲನೆಯದು 4.54, ನಂತರ 2.87, 2.06, 1.72, 1.48. ಮೊದಲ ಗೇರ್‌ಗೆ ಎಳೆಯುವ ಬಲ ಹೆಚ್ಚು, ಮಧ್ಯದ ಮೆಟ್ಟಿಲುಗಳು ಗಿಡ್ಡ. ಭಾರದ ಟ್ರೈಲರ್ ಕಟ್ಟಿಕೊಂಡು ಏರು ಹತ್ತುವವರಿಗೆ ಎಂಜಿನ್ ಯಾವಾಗಲೂ ತನ್ನ ಒಳ್ಳೆಯ ಸುತ್ತಿನಲ್ಲೇ ಇರುತ್ತದೆ. ಕೊನೆಯ ಗೇರ್ ಮಾತ್ರ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ, 0.61 ಮತ್ತು 0.63, ಆದುದರಿಂದ ಹೆದ್ದಾರಿಯ ಸಮ ಓಟದಲ್ಲಿ ಹತ್ತು ಗೇರ್‌ನಿಂದ ಅದ್ಭುತವಾದ ಉಳಿತಾಯವನ್ನು ನಿರೀಕ್ಷಿಸಬಾರದು.

ಇನ್ನು ಬಾಳಿಕೆಯ ವಿಷಯ. ಗೇರ್‌ಗಳ ಸಂಖ್ಯೆಯಿಂದ ಬಾಳಿಕೆಯನ್ನು ಅಳೆಯಲಾಗದು ಎಂಬುದಕ್ಕೆ ರ‍್ಯಾಮ್ ಎಂಬ ಅಮೆರಿಕನ್ ಕಂಪೆನಿಯ ಪಿಕಪ್‌ಗಳಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. 6.7 ಲೀಟರ್ ಕಮಿನ್ಸ್ ಎಂಜಿನ್ನಿನ ಹಿಂದೆ 2007ರಿಂದ 68ಆರ್‌ಎಫ್‌ಇ ಎಂಬ ಆರು ಗೇರ್‌ನ ಆಟೋಮ್ಯಾಟಿಕ್ ಇತ್ತು. ಮೇಲಿನ ಗೇರ್‌ಗಳಿಗೆ ಹಿಡಿಯುವ ಅದರ ಓವರ್‌ಡ್ರೈವ್ ಕ್ಲಚ್‌ನ ದೌರ್ಬಲ್ಯ, ಕ್ಲಚ್‌ಗಳಿಗೆ ಎಣ್ಣೆ ಹಂಚುವ ವಾಲ್ವ್ ಬಾಡಿಯಲ್ಲಿ ಎಣ್ಣೆಯ ಒತ್ತಡ ಸೋರುವುದು, ಈ ಕಸುಬಿನವರಿಗೆಲ್ಲ ಗೊತ್ತಿರುವ ಸಂಗತಿ. ಎಂಜಿನ್ನಿನ ಬಲವನ್ನು ಹೊರಗಿನಿಂದ ಹೆಚ್ಚಿಸಿಕೊಂಡವರಿಗಂತೂ ಅದು ಬೇಗ ಕಾಣಿಸಿಕೊಳ್ಳುತ್ತಿತ್ತು. 2013ರಿಂದ ಅದೇ ಕಂಪೆನಿ ಹೆಚ್ಚು ಭಾರದ 3500 ಮಾದರಿಗೆ ಐಸಿನ್ ಕಂಪೆನಿಯ ಇನ್ನೊಂದು ಪೆಟ್ಟಿಗೆಯನ್ನೂ ಆಯ್ಕೆಯಾಗಿ ಕೊಟ್ಟಿತು. ಅದಕ್ಕೂ ಆರೇ ಗೇರ್. ಆದರೆ ಅದು ಹೆಚ್ಚಿನ ಬಲವನ್ನು ತಡೆಯಲೆಂದೇ ದಪ್ಪವಾಗಿ ಕಟ್ಟಿದ ಪೆಟ್ಟಿಗೆ. 2025ರ ಮಾದರಿಯಿಂದ ಎರಡನ್ನೂ ಕೈಬಿಟ್ಟು ಝಡ್‌ಎಫ್‌ನ ಎಂಟು ಗೇರ್‌ನದನ್ನು ಹಾಕಿದ್ದಾರೆ.

ಹಾಗೆಂದು ಹತ್ತು ಗೇರ್‌ನದು ನಿರ್ದೋಷಿ ಎಂದು ನಾನು ಹೇಳುವುದಿಲ್ಲ. 2020ರಿಂದ 2022ರವರೆಗಿನ ಡೀಸೆಲ್ ವಾಹನಗಳನ್ನು ಜಿಎಂ 2024ರಲ್ಲಿ ಹಿಂದಕ್ಕೆ ಕರೆಯಿತು. ಸಂಖ್ಯೆ ನಾಲ್ಕೂವರೆ ಲಕ್ಷಕ್ಕೂ ಮೇಲೆ. ಅಲ್ಲಿ ಸವೆಯುತ್ತಿದ್ದುದು ಹಲ್ಲಿನ ಚಕ್ರವಲ್ಲ, ಎಣ್ಣೆಯ ಒತ್ತಡವನ್ನು ನಿಯಂತ್ರಿಸುವ ಒಂದು ವಾಲ್ವ್. ಅದು ಸವೆದು ಒತ್ತಡ ಇಳಿದರೆ ಓಡುತ್ತಿರುವಾಗಲೇ ಹಿಂದಿನ ಚಕ್ರಗಳು ಕ್ಷಣಕಾಲ ಕಚ್ಚಿಕೊಳ್ಳುವ ಅಪಾಯವಿತ್ತು. ಗೇರ್ ಹೆಚ್ಚಿದಂತೆ ಬದಲಾವಣೆಗಳೂ ಹೆಚ್ಚುತ್ತವೆ, ಪ್ರತಿ ಬದಲಾವಣೆಗೂ ವಾಲ್ವ್‌ಗಳು ಓಡಾಡಲೇಬೇಕು, ಎಣ್ಣೆ ಶುದ್ಧವಾಗಿರಲೇಬೇಕು. ನಾನು ಬಿಚ್ಚಿದ ಪೆಟ್ಟಿಗೆಗಳಲ್ಲಿ ಹಲ್ಲು ಮುರಿದವು ವಿರಳ. ಹೆಚ್ಚಿನವುಗಳಲ್ಲಿ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು, ಕ್ಲಚ್ ಪ್ಲೇಟಿನ ಲೈನಿಂಗ್ ಉಜ್ಜಿ ಹೋಗಿ ಕಬ್ಬಿಣ ನೀಲಿಯಾಗಿರುತ್ತಿತ್ತು. ಶಾಖವೇ ಅದಕ್ಕೆ ಕಾರಣ.

ಆದುದರಿಂದ ಎಷ್ಟು ಗೇರ್ ಎಂದು ಕೇಳುವ ಮೊದಲು, ಮೊದಲ ಗೇರ್‌ನ ಅನುಪಾತ ಎಷ್ಟು, ಎಂಜಿನ್ನಿನ ಬಲಕ್ಕಿಂತ ಪೆಟ್ಟಿಗೆಯ ತಾಳಿಕೆ ಎಷ್ಟು ಮೇಲಿದೆ, ಕೆಟ್ಟರೆ ಬಿಚ್ಚುವವರು ಎಷ್ಟು ದೂರದಲ್ಲಿದ್ದಾರೆ ಎಂದು ಕೇಳಿ. ನಿಮ್ಮ ಕೆಲಸಕ್ಕೆ ನನ್ನ ಮತ ಐದು ಗೇರ್‌ನ ಮ್ಯಾನುವಲ್ ಕಡೆಗೇ, ಆದರೆ ಅದು ನಿಮ್ಮ ಮೆಕ್ಯಾನಿಕ್ ಕೊಟ್ಟ ಕಾರಣಕ್ಕಲ್ಲ.

ಉತ್ತರ (ಮುಳ್ಳೇರಿಯದಿಂದ, ಬಾಡಿಗೆ ಪಿಕಪ್ ಚಾಲಕ):

ಚೆರ್ಕಳದಿಂದ ಮುಳ್ಳೇರಿಯ, ಆದೂರು, ಕೊಟ್ಯಾಡಿಯಾಗಿ ಜಾಲ್ಸೂರಿಗೆ ಹೋಗುವ ದಾರಿಯೇ ನನ್ನ ಅನ್ನದ ದಾರಿ. ಓಡಿಸುವುದು ಐದು ಗೇರ್‌ನ ಮ್ಯಾನುವಲ್. ಗೇರ್‌ಬಾಕ್ಸ್ ನನಗೆ ಇದುವರೆಗೆ ತೊಂದರೆ ಕೊಟ್ಟಿಲ್ಲ, ತೊಂದರೆಯೆಲ್ಲ ಕ್ಲಚ್ಚಿನದು. ಗೊಬ್ಬರ ಹೇರಿಕೊಂಡು ತೋಟದ ಅಂಗಳಕ್ಕೆ ರಿವರ್ಸ್‌ನಲ್ಲಿ ಏರಿಸುವಾಗ ಹಾಫ್ ಕ್ಲಚ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ಹಿಂದೆ ಸರಿಸುತ್ತೇವಲ್ಲ, ಕ್ಲಚ್ ಪ್ಲೇಟ್ ಸುಡುವುದು ಅಲ್ಲಿ. ವಾಸನೆ ಬಂದ ಕೂಡಲೇ ನಿಲ್ಲಿಸಿ ಆರಲು ಬಿಡಬೇಕು. "ಇನ್ನೊಂಚೂರು, ಇನ್ನೊಂಚೂರು" ಎನ್ನುವ ಕೂಲಿಯವರ ಮಾತಿಗೆ ಕಾಲು ಕೊಟ್ಟರೆ ಪ್ಲೇಟಿನೊಂದಿಗೆ ಪ್ರೆಶರ್ ಪ್ಲೇಟನ್ನೂ ಬದಲಾಯಿಸಬೇಕಾಗುತ್ತದೆ. ಆದರೆ ಆ ಕೆಲಸವನ್ನು ನಮ್ಮ ಪೇಟೆಯಲ್ಲೇ ಮಾಡುತ್ತಾರೆ, ಸಾಮಾನು ಕಾಸರಗೋಡಿನಲ್ಲೇ ಸಿಗುತ್ತದೆ, ಗಾಡಿ ಬೇಗ ರಸ್ತೆಗೆ ಇಳಿಯುತ್ತದೆ. ನಿಂತ ಗಾಡಿಗೂ ಕಂತು ಕಟ್ಟಬೇಕಾದವನಿಗೆ ಇದಕ್ಕಿಂತ ದೊಡ್ಡ ಭರವಸೆ ಬೇರೆ ಇಲ್ಲ.

ಇಳಿಜಾರಿನ ಬಗ್ಗೆ ಒಂದು ಮಾತು. ಕಲ್ಲು ಹೇರಿದ ಗಾಡಿಯನ್ನು ಯಾವ ಗೇರ್‌ನಲ್ಲಿ ಏರಿಸಿದಿರೋ ಅದೇ ಗೇರ್‌ನಲ್ಲಿ ಇಳಿಸಿ. ನ್ಯೂಟ್ರಲ್‌ನಲ್ಲಿ ಬಿಟ್ಟು ಡೀಸೆಲ್ ಉಳಿಸುವ ಅಭ್ಯಾಸ ನಮ್ಮ ಕಡೆಯ ಕೆಲವರಿಗಿದೆ; ಮಳೆಗಾಲದಲ್ಲಿ ಅದು ಜೀವಕ್ಕೇ ಸಂಚಕಾರ.

ಉತ್ತರ (ಬಾಯಾರಿನಿಂದ, ಆಟೋಮ್ಯಾಟಿಕ್ ಪಿಕಪ್ ಇರುವ ಕೃಷಿಕ):

ನಮ್ಮ ಮನೆಯಲ್ಲಿರುವುದು ಆರು ಗೇರ್‌ನ ಆಟೋಮ್ಯಾಟಿಕ್ ಡಬಲ್ ಕ್ಯಾಬ್, ಅಂದರೆ ಎರಡು ಸಾಲು ಸೀಟಿನ ಪಿಕಪ್. ಮುಳ್ಳೇರಿಯದವರು ಹೇಳಿದ ರಿವರ್ಸ್ ಏರಿನ ಕಷ್ಟ ಇದರಲ್ಲಿ ಇಲ್ಲವೇ ಇಲ್ಲ. ಎಂಜಿನ್ನಿಗೂ ಪೆಟ್ಟಿಗೆಗೂ ನಡುವೆ ಟಾರ್ಕ್ ಕನ್ವರ್ಟರ್ ಎಣ್ಣೆಯ ಮೂಲಕ ಬಲವನ್ನು ದಾಟಿಸುವುದರಿಂದ, ಬ್ರೇಕಿನಿಂದ ಕಾಲು ಸಡಿಲಿಸುತ್ತ ಇಂಚು ಇಂಚಾಗಿ ಸರಿಸಬಹುದು. ಸುಡಲು ಅಲ್ಲಿ ಕ್ಲಚ್ ಪೆಡಲ್ಲೇ ಇಲ್ಲ. ಉದ್ದನೆಯ ಏರಿನಲ್ಲಿ ಮಾತ್ರ ನಾನು ಡಿ ಸ್ಥಾನದಲ್ಲಿ ಬಿಡದೆ ಕೈಯಿಂದಲೇ ಎರಡನೆಯ ಗೇರ್‌ಗೆ ಹಾಕಿಟ್ಟುಕೊಳ್ಳುತ್ತೇನೆ, ಏಕೆಂದರೆ ಅದು ಎರಡು ಮತ್ತು ಮೂರರ ನಡುವೆ ಹೋಗಿ ಬರುತ್ತಿದ್ದರೆ ಎಣ್ಣೆ ಬಿಸಿಯಾಗುತ್ತದೆ.

ಆದರೂ ನಿಮಗೆ ಇದನ್ನು ತೆಗೆದುಕೊಳ್ಳಿ ಎಂದು ಹೇಳಲಾರೆ. ನಮ್ಮ ದೇಶದಲ್ಲಿ ಆಟೋಮ್ಯಾಟಿಕ್ ಸಿಗುವ ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ನಂಥ ಡಬಲ್ ಕ್ಯಾಬ್‌ಗಳಿಗೆ ಕಾನೂನಿನ ಪ್ರಕಾರ ಹೇರಬಹುದಾದ ಭಾರ ಅರ್ಧ ಟನ್ನಿನ ಒಳಗೇ. ಬೊಲೆರೊ ಪಿಕಪ್‌ನಂಥ ಸರಕಿನ ಗಾಡಿಗಳು ಒಂದೂಕಾಲು ಟನ್ನಿನ ಮೇಲೆ, ಕೆಲವು ಮಾದರಿಗಳು ಎರಡು ಟನ್ನಿನವರೆಗೂ ಹೊರುತ್ತವೆ. ಅವುಗಳಿಗೆ ಐದು ಗೇರ್‌ನ ಮ್ಯಾನುವಲ್. ನೀವು ಮುರಕಲ್ಲು ಹೇರುವವರು. ಗೇರ್‌ನ ಚರ್ಚೆ ಆರಂಭವಾಗುವ ಮೊದಲೇ ನಿಮ್ಮ ಹೇರು ಅದನ್ನು ತೀರ್ಮಾನಿಸಿದೆ ಎಂದು ನನ್ನ ಎಣಿಕೆ. ಅಲ್ಲದೆ ನನ್ನ ಗಾಡಿಯ ಗೇರ್‌ಬಾಕ್ಸ್ ಎಣ್ಣೆ ಬದಲಾಯಿಸಲೂ ನಾನು ಮಂಗಳೂರಿಗೇ ಹೋಗಬೇಕು.

ಮತ್ತೆ ಕೇಳಿದ್ದು (ಎಣ್ಮಕಜೆಯ ಕೃಷಿಕ):

ಭಾರದ ಮಿತಿಯ ವಿಷಯವನ್ನು ಅಳಿಯನೂ ನಾನೂ ಯೋಚಿಸಿರಲಿಲ್ಲ. ಹಾಗಾದರೆ ಐದು ಗೇರ್‌ನ ಸರಕಿನ ಪಿಕಪ್ಪನ್ನೇ ನೋಡುತ್ತೇನೆ. ಹೊಸತಕ್ಕೆ ಹಣ ಹೊಂದದಿದ್ದರೆ ಹಳೆಯದನ್ನು ಕೊಳ್ಳಬೇಕಾದೀತು. ಗೇರ್‌ಬಾಕ್ಸ್ ಚೆನ್ನಾಗಿದೆಯೇ ಎಂದು ನಮ್ಮಂಥವರು ನೋಡಿ ತಿಳಿಯುವುದು ಹೇಗೆ, ಸೀತಾಂಗೋಳಿಯವರು ದಯವಿಟ್ಟು ತಿಳಿಸಿ.

ಉತ್ತರ (ಸೀತಾಂಗೋಳಿಯಿಂದ):

ಬಾಯಾರಿನವರ ಮಾತನ್ನು ನಾನೇ ಮೊದಲು ಹೇಳಬೇಕಿತ್ತು. ಅಮೆರಿಕದ ಒಂದು ಟನ್ ದರ್ಜೆಯ ಪಿಕಪ್‌ಗಳಿಗೂ ಇಲ್ಲಿನ ಡಬಲ್ ಕ್ಯಾಬ್‌ಗಳಿಗೂ ಹೋಲಿಕೆಯೇ ಇಲ್ಲ.

ಹಳೆಯದನ್ನು ನೋಡುವಾಗ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿಟ್ಟು ಕಿವಿಗೊಡಿ. ಗುಂಯ್ ಎನ್ನುವ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಪೆಟ್ಟಿಗೆಯೊಳಗಿನ ಬೇರಿಂಗ್ ಸವೆದಿದೆ. ಒತ್ತಿದಾಗಲೇ ಸದ್ದು ಹುಟ್ಟಿದರೆ ಅದು ರಿಲೀಸ್ ಬೇರಿಂಗ್, ಅದಕ್ಕೆ ಹೆದರಬೇಕಾಗಿಲ್ಲ. ನಂತರ ಓಡಿಸುತ್ತ ಮೂರರಿಂದ ಎರಡಕ್ಕೆ ಇಳಿಸಿ ನೋಡಿ. ಕರಕರ ಎಂದರೆ ಎರಡನೆಯ ಗೇರ್‌ನ ಸಿಂಕ್ರೊ ರಿಂಗ್ ಮುಗಿದಿದೆ. ನಮ್ಮ ಏರು ದಾರಿಯ ಗಾಡಿಗಳಲ್ಲಿ ಮೊದಲು ಹೋಗುವುದು ಅದೇ. ಭಾರ ಹೇರಿ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ, ಒಮ್ಮೆಗೇ ಬಿಡಿ. ಆಗ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ ಆ ಗಾಡಿ ಬೇಡ.

ಆಮೇಲೆ ಮಾಲೀಕರ ಒಪ್ಪಿಗೆ ಪಡೆದು ಪೆಟ್ಟಿಗೆಯ ಬದಿಯ ಫಿಲ್ಲರ್ ಬೋಲ್ಟ್ ಬಿಚ್ಚಿಸಿ ಬೆರಳು ಹಾಕಿ. ಎಣ್ಣೆ ತೂತಿನ ಅಂಚಿನವರೆಗೆ ಇರಬೇಕು. ಬೆರಳಿಗೆ ಹತ್ತಿದ ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. ತೋಡು ದಾಟುವ ಗಾಡಿಗಳಲ್ಲಿ ಇದು ಸಾಮಾನ್ಯ: ಬಿಸಿಯಾದ ಪೆಟ್ಟಿಗೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರ್ ಎಂಬ ಗಾಳಿಯ ಕಿಂಡಿಯ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಪೆಟ್ಟಿಗೆಯನ್ನೂ ಹೀಗೆಯೇ ನೋಡಿಸಿ. ಕೆಳಗಿನ ಡ್ರೈನ್ ಬೋಲ್ಟ್‌ನ ಅಯಸ್ಕಾಂತಕ್ಕೆ ನುಣುಪಾದ ಬೂದು ಲೇಪ ಹಿಡಿದಿದ್ದರೆ ಅದು ಸಹಜ ಸವೆತ. ಉಗುರಿಗೆ ಸಿಗುವ ಚೂರುಗಳಿದ್ದರೆ ಒಳಗೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ ಎಂದರ್ಥ. ಕೊಂಡ ಮೇಲೆ, ಹಿಂದಿನವರು ಬದಲಾಯಿಸಿದ್ದೇವೆ ಎಂದರೂ, ಎರಡರ ಎಣ್ಣೆಯನ್ನೂ ನೀವೇ ನಿಂತು ಬದಲಾಯಿಸಿಸಿ, ಬ್ರೀದರಿಗೆ ರಬ್ಬರ್ ಪೈಪು ಹಾಕಿಸಿ ಎಂಜಿನ್ ಬಾನೆಟ್ಟಿನ ಎತ್ತರಕ್ಕೆ ಕಟ್ಟಿಸಿಕೊಳ್ಳಿ. ಬರುವ ಮಳೆಗಾಲಕ್ಕೆ ಮುಂಚೆ ಒಮ್ಮೆ ಸೀತಾಂಗೋಳಿಗೆ ತಂದರೆ ನಾನೇ ನೋಡಿ ಹೇಳುತ್ತೇನೆ.