ಅಮ್ಮನ ಫೋನ್ ತುಂಬಿದೆ, ಫೋಟೊ ಅಳಿಸಬಹುದೇ?

ಹಾಸನದ ಹುಡುಗಿ: ಅಮ್ಮನ ಫೋನ್ 64 ಜಿಬಿಯದು. ನಾಲ್ಕು ದಿನದಿಂದ ಜಾಗ ಇಲ್ಲ ಅಂತ ತೋರಿಸುತ್ತಿದೆ. ಹೊಸ ಫೋಟೊ ತೆಗೆಯಲೂ ಆಗುತ್ತಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಇದೆ. ಹಾಗಾದರೆ ಫೋನಿನಲ್ಲಿರುವ ಫೋಟೊ ಅಳಿಸಿದರೆ ತೊಂದರೆ ಇಲ್ಲ ಅಲ್ವಾ? ತಮ್ಮನ ಮದುವೆ ಫೋಟೊಗಳೂ ಅದರಲ್ಲೇ ಇವೆ.

ಕೆರೆ ಏರಿ: ಈಗಲೇ ಏನೂ ಅಳಿಸಬೇಡಿ, ಮೇಡಂ. ಬ್ಯಾಕಪ್ ಆನ್ ಇದ್ದ ಮಾತ್ರಕ್ಕೆ ಎಲ್ಲ ಮೇಲೆ, ಅಂದರೆ ಗೂಗಲ್ ಖಾತೆಗೆ, ಹೋಗಿದೆ ಅಂತ ಅಲ್ಲ. ಉಚಿತವಾಗಿ ಸಿಗುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಅದರಲ್ಲೇ ಹಂಚಿಕೊಳ್ಳಬೇಕು. ಅದು ತುಂಬಿದರೆ ಹೊಸ ಫೋಟೊ ಮೇಲೆ ಹೋಗುವುದು ನಿಲ್ಲುತ್ತದೆ. ಕಂಪ್ಯೂಟರ್‌ನಲ್ಲಿ ಅಮ್ಮನ ಖಾತೆಯಿಂದ ಗೂಗಲ್ ಫೋಟೋಸ್ ತೆರೆದು ನೋಡಿ. ಅಲ್ಲಿ ಕಂಡಿದ್ದು ಮಾತ್ರ ನಿಜವಾಗಿ ಮೇಲೆ ಹೋಗಿರುವುದು.

ಇನ್ನೊಂದು ಮುಖ್ಯ ವಿಷಯ. ಆ ಆ್ಯಪ್ ಒಳಗೆ ಫೋಟೊ ಆರಿಸಿ ಡಿಲೀಟ್ ಒತ್ತಿದರೆ ಫೋನ್, ಖಾತೆ ಎರಡರಿಂದಲೂ ಹೋಗುತ್ತದೆ. ಬ್ಯಾಕಪ್ ಆಗಿದ್ದ ಫೋಟೊ 'ಬಿನ್' ಅನ್ನುವ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ಫೋನಿನಿಂದ ಮಾತ್ರ ತೆಗೆಯಬೇಕಾದರೆ 'ಫ್ರೀ ಅಪ್ ಸ್ಪೇಸ್' ಒತ್ತಬೇಕು. ಬ್ಯಾಕಪ್ ಆಗಿರುವುದನ್ನಷ್ಟೇ ಅದು ತೆಗೆಯುತ್ತದೆ.

ಹಳೇ ಲ್ಯಾಪ್‌ಟಾಪ್: ನೋಡಮ್ಮ, ಇಷ್ಟೆಲ್ಲ ತಲೆನೋವು ಯಾಕೆ? ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ಫೋನಿನಲ್ಲಿ 'ಫೈಲ್ ಟ್ರಾನ್ಸ್‌ಫರ್' ಆರಿಸಬೇಕು, ಇಲ್ಲದಿದ್ದರೆ ಸುಮ್ನೆ ಚಾರ್ಜ್ ಆಗುತ್ತಾ ಕೂರುತ್ತದೆ. ಡಿಸಿಐಎಂ ಅನ್ನುವ ಫೋಲ್ಡರ್‌ನಲ್ಲಿ ಕ್ಯಾಮೆರಾ ಫೋಟೊ ಇರುತ್ತವೆ. ಕಟ್ ಮಾಡಬೇಡಿ, ಕಾಪಿ ಮಾಡಿ. ಮಧ್ಯದಲ್ಲಿ ಕೇಬಲ್ ಅಲುಗಾಡಿದರೂ ಮೂಲ ಫೋಟೊ ಫೋನಿನಲ್ಲೇ ಉಳಿಯುತ್ತದೆ. ನಮ್ಮ ಮನೆಯ ಫೋಟೊ ನಮ್ಮ ಮನೆಯಲ್ಲೇ ಇರಲಿ.

ಕೆರೆ ಏರಿ: ಸರ್, ನಾನೂ ಹಾಗೇ ನಂಬಿದ್ದೆ. ಹಾರ್ಡ್ ಡಿಸ್ಕ್ ಮೇಜಿನಿಂದ ಬಿತ್ತು. ಅಜ್ಜಿಯ ಕೊನೆಯ ದೀಪಾವಳಿಯ ಫೋಟೊ ಬೇರೆಲ್ಲೂ ಇರಲಿಲ್ಲ. ಒಂದೇ ಕಡೆ ಇಡಬೇಡಿ ಅಂತಷ್ಟೇ ನನ್ನ ವಾದ.

ಹಳೇ ಲ್ಯಾಪ್‌ಟಾಪ್: ಅದು ಒಪ್ಪುವ ಮಾತು. ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ರತಿ, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಅಂತ ಹೇಳಬೇಕಿತ್ತು.

ಮಲೆನಾಡ ಮಳೆ: ಅಕ್ಕ, ಮೊದಲು ವಾಟ್ಸ್‌ಆ್ಯಪ್ ನೋಡಿ. ನಮ್ಮ ಅಮ್ಮನ ಫೋನಿನಲ್ಲಿ ಜಾಗ ತಿಂದಿದ್ದು ಶುಭೋದಯದ ಚಿತ್ರಗಳು, ಭಜನೆ ಗುಂಪಿನ ವಿಡಿಯೊಗಳು. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಆ್ಯಂಡ್ ಡೇಟಾ', ಅದರಲ್ಲಿ 'ಮ್ಯಾನೇಜ್ ಸ್ಟೋರೇಜ್'. ಯಾವ ಗುಂಪು ಎಷ್ಟು ಜಾಗ ಹಿಡಿದಿದೆ ಅಂತ ಜಾಸ್ತಿಯಿಂದ ಕಡಿಮೆಗೆ ತೋರಿಸುತ್ತದೆ. 5 ಎಂಬಿಗಿಂತ ದೊಡ್ಡವು ಬೇರೆಯೇ ಕಾಣುತ್ತವೆ. 'ಸ್ಟೋರೇಜ್ ಆ್ಯಂಡ್ ಡೇಟಾ'ದಲ್ಲೇ ಮೊಬೈಲ್ ಡೇಟಾ, ವೈಫೈ ಎರಡರಲ್ಲೂ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಮುಂದಿನ ತಿಂಗಳು ಮತ್ತೆ ಇದೇ ಕಥೆ.

ಫೋನಿನ ಆ್ಯಪ್ ಪಟ್ಟಿಗೆ ಹೋಗಿ ವಾಟ್ಸ್‌ಆ್ಯಪ್‌ನ 'ಕ್ಲಿಯರ್ ಡೇಟಾ' ಮಾತ್ರ ಒತ್ತಬೇಡಿ. ಫೋನಿನಲ್ಲಿರುವ ಚಾಟ್ ಹೋಗುತ್ತದೆ. 'ಕ್ಲಿಯರ್ ಕ್ಯಾಶ್' ಒತ್ತಿದರೆ ಭಯ ಇಲ್ಲ.

ಪೇಟೆ ಬೀದಿ: ಕ್ಲೀನರ್ ಆ್ಯಪ್ ಹಾಕಿದರೆ ಎಲ್ಲ ತಾನೇ ಮಾಡುತ್ತದಲ್ಲ?

ಮಲೆನಾಡ ಮಳೆ: ಬೇಡ ಸರ್. ಅದೂ ಜಾಗ ತಿನ್ನುತ್ತದೆ, ಜಾಹೀರಾತು ತೋರಿಸುತ್ತದೆ, ಫೈಲ್‌ಗಳನ್ನೆಲ್ಲ ನೋಡಲು ಅನುಮತಿ ಕೇಳುತ್ತದೆ. ಅಮ್ಮಂದಿರ ಫೋನಿಗೆ ಅದನ್ನು ಹಾಕಲೇಬಾರದು.

ಹಾಸನದ ಹುಡುಗಿ: ಕಂಪ್ಯೂಟರ್‌ನಲ್ಲಿ ನೋಡಿದೆ. 15 ಜಿಬಿ ಯುಗಾದಿ ಹೊತ್ತಿಗೇ ತುಂಬಿದೆ. ಮದುವೆ ಆಗಿದ್ದು ಆಮೇಲೆ. ಒಂದು ಫೋಟೊನೂ ಮೇಲೆ ಹೋಗಿಲ್ಲ! ಕೈಕಾಲು ತಣ್ಣಗಾಯಿತು. ತಮ್ಮ ಈಗ ಕೇಬಲ್ ಹಾಕಿ ಇಳಿಸುತ್ತಿದ್ದಾನೆ. ವಾಟ್ಸ್‌ಆ್ಯಪ್‌ನಲ್ಲಿ ಭಜನೆ ಗುಂಪೊಂದೇ 11 ಜಿಬಿ ಇತ್ತು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಬೇಡ ಅಂದದ್ದನ್ನು ಮಾತ್ರ ಅಳಿಸಿದೆ.

ಆದರೆ ಆ ಪಟ್ಟಿಯಲ್ಲಿ ಅಪ್ಪನ ಚಾಟ್ ಕೂಡ ಇದೆ. ಅಪ್ಪ ಈಗ ಇಲ್ಲ. ಅವರ ವಾಯ್ಸ್ ಮೆಸೇಜ್‌ಗಳನ್ನು ಅಮ್ಮ ಆಗಾಗ ಕೇಳುತ್ತಾರೆ. ಅದನ್ನು ಬೇರೆ ಕಡೆ ಇಡುವ ದಾರಿ ಇದೆಯಾ?

ಕೆರೆ ಏರಿ: ಇದೆ. ಆ ಚಾಟ್ ತೆರೆದು ಮೇಲಿನ ಮೂರು ಚುಕ್ಕೆ ಒತ್ತಿ. 'ಮೋರ್', ಆಮೇಲೆ 'ಎಕ್ಸ್‌ಪೋರ್ಟ್ ಚಾಟ್'. ಮೀಡಿಯಾ ಬೇಕಾ ಅಂತ ಕೇಳಿದರೆ ಬೇಕು ಅನ್ನಿ. ಅಮ್ಮನ ಖಾತೆ ತುಂಬಿರುವುದರಿಂದ ನಿಮ್ಮ ಡ್ರೈವ್‌ಗೆ ಕಳಿಸಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ದನಿಯ ಫೈಲ್‌ಗಳು 'ಓಪಸ್' ಅನ್ನುವ ಬಗೆಯಲ್ಲಿ ಬರುತ್ತವೆ. ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಅನ್ನುವ ಪ್ಲೇಯರ್ ಇದ್ದರೆ ಕೇಳಬಹುದು. ಒಂದೆರಡು ಕೇಳಿ ನೋಡಿ, ಸರಿಯಾಗಿ ಬಂದಿವೆ ಅಂತ ಖಚಿತ ಮಾಡಿಕೊಳ್ಳಿ. ಅಮ್ಮನ ಫೋನಿನಲ್ಲಿ ಆ ಚಾಟ್ ಮಾತ್ರ ಹಾಗೇ ಬಿಡಿ.

ಹಳೇ ಲ್ಯಾಪ್‌ಟಾಪ್: ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಮ್ಮ. ಇವತ್ತೇ.