ಕೆಳಗಿನ ಹಲ್ಲಿನ ಸೆಟ್ಟು ಎದ್ದು ಬರುತ್ತಿದೆ, ಅಳತೆ ತಪ್ಪಿದೆಯಾ?

ಪ್ರಶ್ನೆ: ಡಾಕ್ಟರೇ, ಅಮ್ಮನಿಗೆ ಎಲ್ಲ ಹಲ್ಲು ತೆಗೆಸಿ ಮೂರು ತಿಂಗಳಾದ ಮೇಲೆ ಪೂರ್ತಿ ಸೆಟ್ಟು ಹಾಕಿಸಿದ್ದೇವೆ. ಹದಿನೈದು ದಿನ ಆಯ್ತು. ಮೇಲಿನದು ಭದ್ರವಾಗಿದೆ. ಕೆಳಗಿನದು ಬಾಯಿ ತೆರೆದರೆ ಸಾಕು, ಎದ್ದು ಬರುತ್ತೆ. ಮಾತಾಡುವಾಗ ಹಲ್ಲಿಗೆ ಹಲ್ಲು ಬಡಿದು ಟಕ್ ಟಕ್ ಅನ್ನುತ್ತೆ. ನಾಲಿಗೆ ಕಡೆ ಒಂದು ಹುಣ್ಣೂ ಆಗಿದೆ.

ಉತ್ತರ (ಪ್ರಾಸ್ಥೊಡಾಂಟಿಸ್ಟ್, ಅಂದರೆ ಕೃತಕ ಹಲ್ಲಿನ ತಜ್ಞ): ಮೇಲಿನ ಸೆಟ್ಟಿಗೆ ಇಡೀ ಅಂಗುಳದ ಆಸರೆ ಇದೆ. ಅಂಚು ಸುತ್ತಲೂ ಸರಿಯಾಗಿ ಕೂತರೆ ನಡುವಿನ ಎಂಜಲಿನ ತೆಳು ಪದರವೇ ಹಿಡಿದುಕೊಳ್ಳುತ್ತದೆ, ಒದ್ದೆಯಾದ ಎರಡು ಗಾಜು ಅಂಟಿಕೊಂಡ ಹಾಗೆ. ಕೆಳಗಡೆ ಇರುವುದು ಲಾಳದಂಥ ದಿಬ್ಬ ಮಾತ್ರ. ಮೇಲೆ ಆಸರೆಯ ಜಾಗ ಸುಮಾರು 24 ಚದರ ಸೆಂ.ಮೀ. ಆದರೆ ಕೆಳಗೆ ಸುಮಾರು 14. ಜೊತೆಗೆ ನಾಲಿಗೆ ಬೇರೆ ತಳ್ಳುತ್ತಿರುತ್ತದೆ. ಸ್ವಲ್ಪ ಅಲುಗಾಟ ಸಹಜ. ಅದನ್ನು ಹಿಡಿದಿಡಲು ನಾಲಿಗೆ, ಕೆನ್ನೆಗಳಿಗೆ ಆರೆಂಟು ವಾರವಾದರೂ ಬೇಕು.

ಆದರೆ ಬಾಯಿ ತೆರೆದೊಡನೆ ಏಳುವುದು ಅಭ್ಯಾಸದ ಪ್ರಶ್ನೆಯಲ್ಲ. ಅಂಚು ಎಲ್ಲೋ ಉದ್ದವಾಗಿದೆ, ಹುಣ್ಣೂ ಬಹುಶಃ ಅಲ್ಲೇ ಆಗಿದೆ. ಎರಡನೇ ಅಳತೆಯಲ್ಲಿ, ಅಳತೆ ತೆಗೆಯುವ ಟ್ರೇ ಅಂಚಿಗೆ ಗ್ರೀನ್ ಸ್ಟಿಕ್ (ಬಿಸಿಗೆ ಮೆತ್ತಗಾಗುವ ಮೇಣದಂಥ ಕಡ್ಡಿ) ಹಚ್ಚಿ, ನಾಲಿಗೆಯನ್ನು ಆಚೀಚೆ ಆಡಿಸಿ, ಮುಂದಕ್ಕೆ ಚಾಚಿಸಿ ಅಂಚನ್ನು ರೂಪಿಸುತ್ತೇವೆ. ಈ ಕೆಲಸ ಅವಸರದಲ್ಲಿ ಮುಗಿದರೆ ಹೀಗಾಗುತ್ತದೆ.

ಟಕ್ ಟಕ್ ಸದ್ದಿಗೆ ಮೊದಲ ಅನುಮಾನ ಎತ್ತರದ ಮೇಲೆ, ಅಂದರೆ ಹಲ್ಲು ಕಚ್ಚಿದಾಗ ಎರಡು ದವಡೆಗಳ ನಡುವೆ ಉಳಿಯುವ ಅಂತರದ ಮೇಲೆ. ಸುಮ್ಮನೆ ಕೂತಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ 2ರಿಂದ 4 ಮಿ.ಮೀ. ಬಿಡುವು ಇರಬೇಕು. ಇದನ್ನು ಮೇಣದ ಟ್ರಯಲ್‌ನಲ್ಲೇ (ಸೆಟ್ಟು ಗಟ್ಟಿ ಮಾಡುವ ಮುಂಚೆ ಮೇಣದ ಮೇಲೆ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುವಾಗ), ‘ಸ’ಕಾರ ಹೆಚ್ಚಿರುವ ಮಾತು ಆಡಿಸಿ ನೋಡಬೇಕು. ಆದರೆ ಸಡಿಲವಾದ ಸೆಟ್ಟು ಮೇಲೆದ್ದರೂ ಇದೇ ಸದ್ದು. ಆದ್ದರಿಂದ ಮೊದಲು ಅಂಚು ಸರಿಪಡಿಸಿ ಆಮೇಲೆ ಎತ್ತರ ನೋಡಲಿ. ಸ್ವಲ್ಪವೇ ಹೆಚ್ಚಿದ್ದರೆ ಹಲ್ಲು ಉಜ್ಜಿ ಇಳಿಸಬಹುದು; ಜಾಸ್ತಿ ಇದ್ದರೆ ಹಲ್ಲು ಬಿಚ್ಚಿ ಮತ್ತೆ ಜೋಡಿಸಲೇಬೇಕು.

ಪ್ರಶ್ನೆ: ಹುಣ್ಣಿನ ಕಡೆ ಮನೆಯಲ್ಲೇ ಅರದಿಂದ ಉಜ್ಜಲಾ? ಅಂಟಿಸುವ ಪೌಡರ್?

ಉತ್ತರ: ಎರಡೂ ಬೇಡ. ಎಲ್ಲಿ ಒತ್ತುತ್ತಿದೆ ಅಂತ ಗುರುತು ಪೇಸ್ಟ್ ಹಚ್ಚಿ ನೋಡಿ, ಪೇಸ್ಟ್ ಅಳಿದಷ್ಟೇ ಜಾಗ ಉಜ್ಜುತ್ತೇವೆ. ಕಣ್ಣಳತೆಯಲ್ಲಿ ಉಜ್ಜಿದರೆ ಹಿಡಿತವೇ ಹೋಗುತ್ತದೆ. ತೋರಿಸಲು ಹೋಗುವ ಮುಂಚೆ ಕೆಲವು ಗಂಟೆ ಸೆಟ್ಟು ಹಾಕಿಕೊಂಡಿರಲಿ, ಇಲ್ಲದಿದ್ದರೆ ಒತ್ತಿದ ಗುರುತು ಮಾಸಿರುತ್ತದೆ. ಪೌಡರ್ ತಪ್ಪನ್ನು ಮುಚ್ಚುತ್ತದೆ ಅಷ್ಟೇ. ಉಜ್ಜಿದ ಮೇಲೂ ಎರಡು ವಾರದಲ್ಲಿ ಹುಣ್ಣು ಮಾಯದಿದ್ದರೆ ಸೆಟ್ಟನ್ನು ದೂರದೆ ಹುಣ್ಣನ್ನೇ ಪರೀಕ್ಷೆ ಮಾಡಿಸಿ.

ಲ್ಯಾಬ್ ಟೆಕ್ನಿಷಿಯನ್: ಒಂದು ಮಾತು ಸೇರಿಸುತ್ತೇನೆ. ಕುದಿನೀರಲ್ಲಿ ತೊಳೆಯಬೇಡಿ, ಸೆಟ್ಟಿನ ಅಕ್ರಿಲಿಕ್ (ಪ್ಲಾಸ್ಟಿಕ್) ಸೊಟ್ಟಗಾಗುತ್ತೆ. ಟೂತ್‌ಪೇಸ್ಟಿನಿಂದ ಗೀರು ಬಿದ್ದು ಕೊಳೆ ಕೂರುತ್ತೆ. ಮೆತ್ತನೆ ಬ್ರಷ್, ಸೋಪು ಸಾಕು. ರಾತ್ರಿ ತೆಗೆದು ತಣ್ಣೀರಲ್ಲಿ ಇಡಿ.

ಪ್ರಶ್ನೆ: ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ?

ಉತ್ತರ: ಕೆಳದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಲೋಹದ ತಿರುಪು) ಹಾಕಿ, ಅವುಗಳ ಮೇಲೆ ಸೆಟ್ಟನ್ನು ಒತ್ತುಗುಂಡಿಯಂತೆ ಕಚ್ಚಿಸಬಹುದು. ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರ ಒಮ್ಮತದ ಹೇಳಿಕೆ ಹೇಳಿತ್ತು. ಮೂಳೆ, ಸಕ್ಕರೆ ಕಾಯಿಲೆ ನೋಡಿಕೊಂಡು ನಿರ್ಧರಿಸಬೇಕು. ಸೆಟ್ಟಿನೊಳಗೆ ಇಂಪ್ಲಾಂಟನ್ನು ಕಚ್ಚುವ ನೈಲಾನ್ ಬಿಲ್ಲೆ ಸವೆಯುತ್ತದೆ, ಆಗಾಗ ಬದಲಿಸಬೇಕಾಗುತ್ತದೆ.