ಮನೆಗೆ ಸಣ್ಣ ಪೆಡಲ್ ಹಾರ್ಪ್: 40 ತಂತಿಯ ಹೊಸದೋ, ಬಂಗಾರ ಬಣ್ಣದ ಹಳೆಯದೋ?

ಶಹಾಪುರದ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಬೆಳಗಾವಿ ಶಹಾಪುರದವರು. ಮಗಳಿಗೆ ಈಗ 14 ವರ್ಷ. ಮೂರು ವರ್ಷದಿಂದ 34 ತಂತಿಯ ಲಿವರ್ ಹಾರ್ಪ್ (ನೆಟ್ಟಗೆ ನಿಲ್ಲಿಸಿ ಎರಡೂ ಕೈ ಬೆರಳಿಂದ ಮೀಟುವ ತಂತಿವಾದ್ಯ) ನುಡಿಸುತ್ತಿದ್ದಾಳೆ. ನನ್ನ ತಮ್ಮ ಜರ್ಮನಿಯಿಂದ ವಾಪಸ್ ಬರುವಾಗ ತಂದುಕೊಟ್ಟಿದ್ದು. ಪಾಠ ಆನ್‌ಲೈನ್‌ನಲ್ಲಿ. ಇನ್ನು ಕಾಲಲ್ಲಿ ಒತ್ತಿ ಸ್ವರ ಬದಲಿಸುವ ಪೆಡಲ್ ಹಾರ್ಪ್ ಬೇಕು ಅಂತ ಟೀಚರ್ ಹೇಳಿದ್ದಾರೆ. ಲಿವರ್‌ನಲ್ಲಿ ಒಂದೊಂದು ತಂತಿಯ ಕೀಲಿಯನ್ನೂ ಕೈಯಲ್ಲೇ ಎತ್ತಬೇಕಲ್ವಾ, ನಡುವೆ ಸ್ಕೇಲ್, ಅಂದರೆ ಸ್ವರಗಳ ಸಾಲು, ಬದಲಾದರೆ ಎಡಗೈ ಅದಕ್ಕೇ ಹೋಗುತ್ತೆ, ತಾಳ ತಪ್ಪುತ್ತೆ, ಮಗು ಅಳುತ್ತಾ ಕೂತಿದ್ದನ್ನೂ ನೋಡಿದ್ದೇನೆ.

ನಮ್ಮ ಮುಂದೆ ಎರಡು ದಾರಿ ಇವೆ. ಒಂದು ಹೊಸ 40 ತಂತಿಯದು, ಹತ್ತು ಲಕ್ಷ ದಾಟುತ್ತೆ, ಸಾಗಣೆ ಬೇರೆ. ಇನ್ನೊಂದು ಮುಂಬೈಯಲ್ಲಿ ಒಬ್ಬರ ಮನೆಯಲ್ಲಿರುವ ತುಂಬಾ ಹಳೆಯದು. 43 ತಂತಿ, 7 ಪೆಡಲ್, ಮೈತುಂಬಾ ಬಂಗಾರದ ಬಣ್ಣ, ಮೂರೂವರೆ ಲಕ್ಷ. ತಂತಿನೂ ಜಾಸ್ತಿ, ದುಡ್ಡೂ ಉಳಿಯುತ್ತೆ, ಅದನ್ನೇ ತಗೊಳ್ಳೋಣ ಅಂತ ನಮ್ಮ ಮನೆಯವರು. ಮನೆ ಎರಡನೇ ಮಹಡಿಯಲ್ಲಿದೆ, ಮಳೆಗಾಲದಲ್ಲಿ ಹೊರಗೋಡೆ ತೇವ ಹಿಡಿಯುತ್ತೆ. ಬಲ್ಲವರು ಹೇಳಿ.

ಬಾಗಲಕೋಟೆ ಹುಡುಗಿ:

ಅಕ್ಕಾ, ಮುಂಬೈಯವರಿಗೆ ಮುಂಗಡ ಕೊಡುವ ಮುಂಚೆ ಎರಡು ಮಾತು ಕೇಳಿ. ತಂತಿಗಳ ಮೇಲ್ತುದಿಯಲ್ಲಿ ತಿರುಗುವ ಪುಟ್ಟ ಬಿಲ್ಲೆಗಳಿರುತ್ತವೆ, ಒಂದೊಂದು ತಂತಿಗೆ ಎಷ್ಟಿವೆ, ಒಂದೋ ಎರಡೋ? ಪೆಡಲ್ ಒತ್ತಿದರೆ ಎಷ್ಟು ಕಡೆ ನಿಲ್ಲುತ್ತೆ, ಎರಡೋ ಮೂರೋ?

ನಾನು ಬಾಗಲಕೋಟೆಯವಳು, 11 ವರ್ಷದಿಂದ ನೆದರ್‌ಲ್ಯಾಂಡ್ಸ್‌ನಲ್ಲಿದ್ದೇನೆ, ಪೆಡಲ್ ಹಾರ್ಪ್ ಕಲಿತದ್ದು ಇಲ್ಲೇ. ನಮ್ಮ ಕಡೆ ಹಿಂದೂಸ್ತಾನಿ ಕೇಳಿ ಬೆಳೆದವರಿಗೆ ಇದು ಬೇಗ ತಿಳಿಯುತ್ತೆ. ಏಳು ಸ್ವರಕ್ಕೆ ಏಳು ಪೆಡಲ್. ಪೆಡಲ್ ಮೇಲಿದ್ದರೆ ಕೋಮಲ, ನಡುವಿನ ಕಚ್ಚಿಗೆ ಇಳಿಸಿದರೆ ಶುದ್ಧ, ಪೂರಾ ಕೆಳಗೆ ಒತ್ತಿದರೆ ತೀವ್ರ ಅಂದುಕೊಳ್ಳಿ. ಸಿ ಅನ್ನುವ ಸ್ವರದ ಪೆಡಲ್ ಒತ್ತಿದರೆ ಎಲ್ಲಾ ಸಪ್ತಕದ ಸಿ ತಂತಿಗಳೂ ಒಟ್ಟಿಗೇ ಏರುತ್ತವೆ. ಪೆಡಲ್‌ನಿಂದ ಒಂದು ಸರಳು ಕಂಬದ ಒಳಗಿಂದ ಮೇಲೆ ಹೋಗುತ್ತೆ, ಅಲ್ಲಿ ಬಿಲ್ಲೆ ತಿರುಗುತ್ತೆ, ಬಿಲ್ಲೆಯ ಎರಡು ಮೊಳೆಗಳು ತಂತಿಯನ್ನು ಬಿಗಿಯಾಗಿ ಹಿಡಿದು ಅದರ ಉದ್ದ ಕಡಿಮೆ ಮಾಡುತ್ತವೆ. ಎರಡು ಸಲ ಏರಬೇಕಾದರೆ ಎರಡು ಬಿಲ್ಲೆ ಬೇಕೇ ಬೇಕು.

ಈ ಜೋಡಿ ಬಿಲ್ಲೆಯ ಏರ್ಪಾಟಿಗೆ ಸೆಬಾಸ್ಟಿಯನ್ ಎರಾರ್ ಪೇಟೆಂಟ್ ಪಡೆದದ್ದು 1810ರಲ್ಲಿ. ಅದಕ್ಕೂ ಹಿಂದಿನ ಹಾರ್ಪ್‌ಗಳಲ್ಲಿ ಪೆಡಲ್ ಏಳೇ ಇದ್ದರೂ ಸ್ವರ ಏರುವುದು ಒಂದೇ ಮೆಟ್ಟಿಲು. ಇ ಫ್ಲಾಟ್ ಮೇಜರ್ ಅನ್ನುವ ಸ್ಕೇಲ್‌ಗೆ ಶ್ರುತಿ ಮಾಡಿದರೆ ಎಂಟು ಮೇಜರ್ ಸ್ಕೇಲ್ ಸಿಗುತ್ತವೆ, ಅಷ್ಟೇ. ಅವುಗಳ ಮರವೂ ತೆಳು, ಈಗಿನ ದಪ್ಪ ತಂತಿ ಹಾಕಿ ಬಿಗಿದರೆ ತಡೆಯಲ್ಲ. ನಿಮ್ಮ ಮಗಳಿಗೆ ಬೇಕಾಗಿರುವುದೇ ಅದರಲ್ಲಿ ಇರಲ್ಲ.

ಶಹಾಪುರದ ಅಮ್ಮ:

ಈಗಷ್ಟೇ ಫೋನ್ ಮಾಡಿ ವಿಡಿಯೋ ತರಿಸಿಕೊಂಡೆ. ತಂತಿಗೆ ಒಂದೇ ಬಿಲ್ಲೆ. ಪೆಡಲ್ ಎರಡೇ ಕಡೆ ನಿಲ್ಲುತ್ತೆ. ನೀವು ಹೇಳದಿದ್ದರೆ ನಾಳೆ ದುಡ್ಡು ಹೋಗುತ್ತಿತ್ತು, ತಂಗೀ. ಮನೆಯವರಿಗೂ ತೋರಿಸಿದೆ, ಒಪ್ಪಿದರು. ಹಾಗಾದರೆ 40 ತಂತಿ ಸಾಕಾಗುತ್ತಾ? ಆಮೇಲೆ ಮತ್ತೆ ದೊಡ್ಡದು ಕೊಳ್ಳುವ ಶಕ್ತಿ ನಮಗಿಲ್ಲ.

ಬಾಗಲಕೋಟೆ ಹುಡುಗಿ:

ಮನೆಯಲ್ಲಿ ನುಡಿಸಲು ಸಾಕು ಅಕ್ಕಾ. ಕಛೇರಿಯ ದೊಡ್ಡ ಹಾರ್ಪ್‌ಗೆ 47 ತಂತಿ, ಆರೂವರೆ ಸಪ್ತಕ. ಆಳೆತ್ತರ ಇರುತ್ತೆ, ತೂಕ 36 ಕೆಜಿಗೂ ಹೆಚ್ಚು. ಎರಡನೇ ಮಹಡಿಗೆ ಅದನ್ನು ಹತ್ತಿಸಿ ಇಳಿಸುವುದು ಬೇಡ. 40ರದ್ದು ಸುಮಾರು 30 ಕೆಜಿ, ಇಬ್ಬರು ಎತ್ತಬಹುದು. ಕಳೆದುಕೊಳ್ಳುವುದು ಮುಖ್ಯವಾಗಿ ತಳದ ಮಂದ್ರ ತಂತಿಗಳನ್ನು. ಯಾವ ಸ್ವರದಿಂದ ಯಾವ ಸ್ವರದವರೆಗೆ ಇದೆ ಅಂತ ಕೇಳಿ ಬರೆದುಕೊಳ್ಳಿ, ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ಥರ. ಕೆಳಗೆ ಸಿಗದ ಸ್ವರವನ್ನು ಒಂದು ಸಪ್ತಕ ಮೇಲೆ ನುಡಿಸಿದರೆ ಎಷ್ಟೋ ತುಣುಕು ನಡೆಯುತ್ತವೆ. ಮುಂದೆ ಆರ್ಕೆಸ್ಟ್ರಾಗೆ ಹೋಗುತ್ತಾಳೆ ಅಂದರೆ 47 ಬೇಕಾಗುತ್ತೆ, ಆದರೆ ಏಳು ಪೆಡಲ್‌ಗಳ ಜೋಡಣೆ ಎರಡರಲ್ಲೂ ಒಂದೇ. ಕಾಲು ಕಲಿತದ್ದು ವ್ಯರ್ಥವಾಗಲ್ಲ.

ತಂತಿಗಿಂತ ಮುಖ್ಯವಾದದ್ದು ರೆಗ್ಯುಲೇಷನ್. ಬಿಲ್ಲೆಗಳು ಸರಿಯಾದ ಜಾಗಕ್ಕೆ ತಿರುಗುತ್ತಿವೆಯಾ, ಪೆಡಲ್‌ನ ಫೆಲ್ಟ್ (ಮೆತ್ತನೆಯ ಉಣ್ಣೆ ಪಟ್ಟಿ) ಸವೆದಿದೆಯಾ ಅಂತ ನೋಡಿ ಸರಿಮಾಡುವ ಕೆಲಸ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬೇಕು. ತಪ್ಪಿದರೆ ಶುದ್ಧ ಸರಿ ಇರುತ್ತೆ, ತೀವ್ರ ಬೇಸೂರಾಗುತ್ತೆ, ತಂತಿ ಝರ್ ಅನ್ನುತ್ತೆ. ಇದು ಪಿಯಾನೋ ಶ್ರುತಿ ಮಾಡುವವರ ಕೈಯಲ್ಲಿ ಆಗಲ್ಲ, ಹಾರ್ಪ್‌ದೇ ಕೆಲಸಗಾರರು ಬೇಕು. ಹಾಗಾಗಿ ಮಾರುವವರಿಗೆ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ಯಾರು ಬರುತ್ತಾರೆ, ಯಾವಾಗ ಬರುತ್ತಾರೆ, ಬೆಳಗಾವಿವರೆಗೆ ಬರುವ ಖರ್ಚು ಯಾರದ್ದು? ಉತ್ತರ ಬರವಣಿಗೆಯಲ್ಲಿ ತಗೊಳ್ಳಿ. ಗೋವಾ, ಮುಂಬೈ, ಬೆಂಗಳೂರಿನಲ್ಲಿ ಹಾರ್ಪ್ ಇರುವವರ ಜೊತೆ ಸೇರಿ ಒಂದೇ ಸಲ ಕರೆಸಿದರೆ ಖರ್ಚು ಹಂಚಿಹೋಗುತ್ತೆ.

ವಿಜಯಪುರದ ತಂಬೂರಿಯವ:

ಅಕ್ಕಾರ, ನಾನು ಹಾರ್ಪ್ ಮುಟ್ಟಿದವನಲ್ಲ. ಆದರೆ ಮರ, ತಂತಿ, ಹವೆಯ ಬಗ್ಗೆ ಸ್ವಲ್ಪ ಬಲ್ಲೆ. ಮಿರಜದಿಂದ ತಂಬೂರಿ ತಂದ ಮೊದಲ ಬೇಸಿಗೆ, ನಮ್ಮ ಊರಿನ ಬಿಸಿಲಿಗೆ ಹೆದರಿ ಕೂಲರ್ ಪಕ್ಕ ಇಟ್ಟೆ. ಹಗಲು ತೇವ, ರಾತ್ರಿ ಕೂಲರ್ ಬಂದ್ ಮಾಡಿದರೆ ಒಣ. ಎರಡೇ ತಿಂಗಳಲ್ಲಿ ಕುಂಬಳಬುರುಡೆ ಮರಕ್ಕೆ ಸೇರುವ ಕಡೆ ಸಣ್ಣ ಬಿರುಕು ಬಂತು. ತೇವಕ್ಕಿಂತ ಈ ಏರಿಳಿತವೇ ಕೆಟ್ಟದ್ದು. ನಿಮ್ಮ ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಳೆ, ಜನವರಿ ಆದಮೇಲೆ ಒಣ ಗಾಳಿ. ಹೊರಗೋಡೆಗೆ ಒರಗಿಸಬೇಡಿ, ಕಿಟಕಿ ಬಿಸಿಲಿಗೆ ಬೇಡ, ಎಸಿ ಗಾಳಿ ನೇರ ತಗಲುವುದೂ ಬೇಡ. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತೆ, ತಂದು ಪಕ್ಕದಲ್ಲಿಡಿ. ಊರಿಗೆ ಹೋಗುವಾಗ ನಾನು ತಂತಿ ಸಡಿಲ ಬಿಡುತ್ತೇನೆ, ನೀವೂ ಹಾಗೇ ಮಾಡಿದರೆ ಒಳ್ಳೆಯದು.

ಬಾಗಲಕೋಟೆ ಹುಡುಗಿ:

ಅಣ್ಣಾರ, ಕೊನೆಯ ಮಾತು ಒಂದು ಬಿಟ್ಟು ಎಲ್ಲಾ ಒಪ್ಪಿದೆ. ಹಾರ್ಪ್ ತಂತಿ ಸಡಿಲ ಬಿಡಬಾರದು. ದೊಡ್ಡ ಹಾರ್ಪ್‌ನಲ್ಲಿ ಎಲ್ಲಾ ತಂತಿ ಸೇರಿ ಎಳೆಯುವ ಬಲ ಸುಮಾರು 900 ಕೆಜಿ. ಕತ್ತು, ಕಂಬ, ಹಲಗೆ ಆ ಎಳೆತಕ್ಕೇ ಹೊಂದಿಕೊಂಡು ನಿಂತಿರುತ್ತವೆ. ಸಡಿಲಿಸಿ ಮತ್ತೆ ಬಿಗಿದರೆ ವಾರಗಟ್ಟಲೆ ಶ್ರುತಿ ನಿಲ್ಲಲ್ಲ. ಮನೆಯಲ್ಲಿ ಯಾರೂ ನುಡಿಸದ ದಿನಗಳಲ್ಲೂ ಶ್ರುತಿ ನೋಡಿಡಿ, ನುಡಿಸಿ ಮುಗಿದ ಮೇಲೆ ಏಳೂ ಪೆಡಲ್ ಮೇಲಕ್ಕೆ ಬಿಡಿ.

ನಡುವಿನ ಸಪ್ತಕಗಳ ತಂತಿ ಪ್ರಾಣಿಯ ಕರುಳಿನದು, ತೇವ ಏರಿಳಿದರೆ ಮೊದಲು ಹರಿಯುವುದೇ ಅದು. ಹೊಸ ಜಾಗದಲ್ಲಿ ಮೊದಲ ತಿಂಗಳು ಒಂದೆರಡು ಹರಿದರೆ ಗಾಬರಿ ಬೇಡ. ಆದರೆ ಹಾರ್ಪ್ ಜೊತೆಗೇ ಒಂದು ಪೂರಾ ಸೆಟ್ ತರಿಸಿಡಿ, ಬೆಳಗಾವಿಯ ಅಂಗಡಿಯಲ್ಲಿ ಸಿಗುವ ವಸ್ತು ಅಲ್ಲ. ತೇವದ ಮೀಟರ್ ಶೇಕಡಾ 40ರಿಂದ 55ರ ನಡುವೆ ತೋರಿಸಿದರೆ ಚೆಂದ. ಮಳೆಗಾಲದಲ್ಲಿ ಆ ಕೋಣೆಗೆ ತೇವ ಎಳೆಯುವ ಯಂತ್ರ ಬೇಕಾಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮತ್ತೆ, ಈಗಿನ ಲಿವರ್ ಹಾರ್ಪ್‌ನ ತಂತಿ ಮೆತ್ತಗಿದ್ದರೆ ಪೆಡಲ್ ಹಾರ್ಪ್ ಮೊದಮೊದಲು ಬೆರಳಿಗೆ ಬಿಗಿ ಅನಿಸುತ್ತೆ. ದಿನಕ್ಕೆ 20 ನಿಮಿಷದಿಂದ ಶುರು ಮಾಡಲಿ.

ಕಾಲಿನ ಕೆಲಸ ಈಗಲೇ ಕಲಿಯಬಹುದು ಅಂತ ಅವಳಿಗೆ ಹೇಳಿ. ಎಡಗಾಲಿಗೆ ಡಿ, ಸಿ, ಬಿ. ಬಲಗಾಲಿಗೆ ಇ, ಎಫ್, ಜಿ, ಎ. ಎಡದಿಂದ ಬಲಕ್ಕೆ ಇದೇ ಸಾಲು.

ಶಹಾಪುರದ ಅಮ್ಮ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರೆಗ್ಯುಲೇಷನ್ ಬಗ್ಗೆ ಮಾರುವವರಿಗೆ ಬರೆದು ಕೇಳಿದ್ದೇನೆ, ಉತ್ತರ ಬಂದ ಮೇಲೇ ಆರ್ಡರ್. ಮೆಟ್ಟಿಲಿನ ತಿರುವು ಅಳೆದೆವು, 40ರದ್ದು ಆರಾಮಾಗಿ ಬರುತ್ತೆ. ದೇವರ ಕೋಣೆಗೆ ಅಂಟಿದ ಒಳಗೋಡೆ ವರ್ಷವಿಡೀ ಒಣಗಿರುತ್ತೆ, ಅಲ್ಲಿದ್ದ ಕಪಾಟು ಇವತ್ತೇ ಸರಿಸಿದ್ದಾರೆ. ಮಗಳು ತನ್ನ ಸ್ಟೂಲ್ ಮುಂದೆ ನೆಲದ ಮೇಲೆ ಸೀಮೆಸುಣ್ಣದಿಂದ ಏಳು ಗೆರೆ ಎಳೆದು ಅಕ್ಷರ ಬರೆದಿದ್ದಾಳೆ, ಒಂದು ಗಂಟೆಯಿಂದ ಎರಡೂ ಕಾಲು ಅದರ ಮೇಲೇ ಆಡುತ್ತಿವೆ.